ದೊಡ್ಡ ದವಾಖಾನೆಯ ತುರ್ತು ವಿಭಾಗದಲ್ಲಿ ಗದ್ದಲ: ನಮ್ಮ ಸಂಘ ಏನು ಮಾಡಬಹುದು?



ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಯಾರಿಗಾದರೂ ಆರಾಮ ತಪ್ಪಿದರೆ ಮೊದಲು ಕೇಳಿಬರುವ ಮಾತು ಒಂದೇ: "ಗದಗಿಗೆ ಒಯ್ಯೋಣು, ಇಲ್ಲಾ ಹುಬ್ಬಳ್ಳಿಗೆ ಒಯ್ಯೋಣು." ಗದಗಿನ ಜಿಮ್ಸ್‌ಗೂ ಹುಬ್ಬಳ್ಳಿಯ ಕಿಮ್ಸ್‌ಗೂ ನಮ್ಮಂತೆಯೇ ಸುತ್ತಲಿನ ಊರುಗಳ ಜನರೂ ಬರ್ತಾರೆ. ತುರ್ತು ವಿಭಾಗ ತುಂಬಿ ತುಳುಕಿದಾಗ ಹೆಚ್ಚು ಕಷ್ಟ ಯಾರಿಗೆ? ಹೆರಿಗೆಯಾಗಿ ರಕ್ತ ನಿಲ್ಲದ ತಾಯಿಗೆ, ಹೊಲದಲ್ಲಿ ಹಾವು ಕಡಿದ ರೈತನಿಗೆ. ಅವರಿಗೆ ಒಂದೊಂದು ನಿಮಿಷವೂ ಪ್ರಾಣದ ಪ್ರಶ್ನೆ.

ಗದ್ದಲ ಯಾಕೆ ಆಗ್ತದೆ?

ನಮ್ಮೂರ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಗದ್ದಲವಾಗಲು ಮೂರು ಕಾರಣ ಇರ್ತವೆ. ಒಮ್ಮೆಲೇ ಬಹಳ ಜನ ಜೋಳ ತರ್ತಾರೆ. ಬೀಸುವವರು ಒಬ್ಬರೇ ಇರ್ತಾರೆ. ಬೀಸಿದ ಹಿಟ್ಟಿನ ಡಬ್ಬಿ ಒಯ್ಯದೆ ಅಲ್ಲೇ ಬಿಟ್ಟರೆ ಹೊಸ ಡಬ್ಬಿ ಇಡಲು ಜಾಗ ಇರೋದಿಲ್ಲ.

ತುರ್ತು ವಿಭಾಗದಲ್ಲೂ ಹೀಗೆಯೇ. ಮೂರನೆಯ ಕಾರಣವೇ ಬಹಳ ದೊಡ್ಡದು. ದಾಖಲು ಮಾಡಬೇಕಾದ ರೋಗಿಗೆ ಮೇಲಿನ ವಾರ್ಡಿನಲ್ಲಿ ಮಂಚ ಖಾಲಿ ಇಲ್ಲದಿದ್ದರೆ ಆತ ಕೆಳಗೇ ಮಲಗಿರಬೇಕಾಗ್ತದೆ. ಆದ್ದರಿಂದ "ಜನ ಸುಮ್ನೆ ಬರ್ತಾರೆ" ಎಂದು ಜನರನ್ನೇ ದೂರುವುದು ಸರಿಯಲ್ಲ. ಮಂಚ, ವೈದ್ಯರು, ನರ್ಸ್‌ಗಳನ್ನು ಹೆಚ್ಚಿಸುವುದು ಸರ್ಕಾರದ ಕೆಲಸ. ಆದರೆ ನಮ್ಮ ಕೈಯಲ್ಲಿ ಇರುವುದೂ ಸ್ವಲ್ಪ ಇದೆ.

ಯಾವುದಕ್ಕೆ ಎಲ್ಲಿಗೆ?

1. ನೆಗಡಿ, ಸಣ್ಣ ಜ್ವರ, ಸಣ್ಣ ಗಾಯ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಗುಳಿಗೆ: ಊರಿನ ಉಪಕೇಂದ್ರ (ಈಗ ಆಯುಷ್ಮಾನ್ ಆರೋಗ್ಯ ಮಂದಿರ) ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಉಪಕೇಂದ್ರದಿಂದಲೇ ಇ-ಸಂಜೀವಿನಿ ಮೂಲಕ ಡಾಕ್ಟರ ಸಲಹೆ ಪಡೆಯಬಹುದು.

2. ಹಾವು ಕಡಿತ: ಹತ್ತಿರದ ತಾಲೂಕು ಆಸ್ಪತ್ರೆ. ವಿಷ ಇಳಿಸುವ ಇಂಜೆಕ್ಷನ್ ಅಲ್ಲಿ ಶುರುವಾಗಬೇಕು, ಆಮೇಲೆ ಬೇಕಾದರೆ ಗದಗ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಕಡಿದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ.

3. ಎದೆ ನೋವು: ತಡ ಮಾಡದೆ ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇ.ಸಿ.ಜಿ.ಯನ್ನು ತಜ್ಞರು ನೋಡ್ತಾರೆ. ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ.

4. ಲಕ್ವಾ (ಬಾಯಿ ಸೊಟ್ಟ, ಕೈ ಎತ್ತಲಾಗದು, ಮಾತು ತೊದಲು): ಇದಕ್ಕೆ ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಗಡ್ಡೆ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಲಕ್ಷಣ ಶುರುವಾದ ವೇಳೆ ನೆನಪಿಡಿ.

ತೀವ್ರ ರಕ್ತಸ್ರಾವ, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಗರ್ಭಿಣಿಗೆ ಫಿಟ್ಸ್, ಔಷಧಿ ಕುಡಿದಿರುವುದು: ಇವೆಲ್ಲ ತುರ್ತು. ಸಂಶಯ ಬಂದರೂ 108ಕ್ಕೆ ಫೋನ್ ಮಾಡಿ. ಗದ್ದಲ ಆದೀತು ಅಂತ ಯಾರೂ ಮನೆಯಲ್ಲಿ ಕೂರಬಾರದು.

ಪಾಳಿ ಯಾಕೆ ತಪ್ಪುತ್ತದೆ?

"ನಾವು ಮೊದಲು ಬಂದೀವಿ, ಅವರನ್ಯಾಕ ಮೊದಲು ನೋಡಿದ್ರಿ?" ಎಂದು ಜಗಳ ಆಗುವುದುಂಟು. ತುರ್ತು ವಿಭಾಗದಲ್ಲಿ ಬಂದ ಪಾಳಿಯಂತೆ ಅಲ್ಲ, ಜೀವದ ಅಪಾಯ ನೋಡಿ ಚಿಕಿತ್ಸೆ ಕೊಡ್ತಾರೆ. ಕೆಂಪು ಅಂದ್ರೆ ಈಗಲೇ, ಹಳದಿ ಅಂದ್ರೆ ಬೇಗ, ಹಸಿರು ಅಂದ್ರೆ ಕಾಯಬಹುದು. ಕಾಯುವಾಗ ರೋಗ ಜಾಸ್ತಿ ಆದರೆ ಕೂಡಲೇ ನರ್ಸ್‌ಗೆ ಹೇಳಿ. ಜೊತೆಗೆ ಒಬ್ಬರು ಒಳಗಿದ್ದರೆ ಸಾಕು, ಹತ್ತು ಮಂದಿ ಬೇಡ.

ಸಂಘದಲ್ಲಿ ಮಾಡುವ ಕೆಲಸ

- ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ಬಿ.ಪಿ., ಸಕ್ಕರೆ ತಪಾಸಣೆಗೆ ವ್ಯವಸ್ಥೆ ಮಾಡಿಕೊಳ್ಳುವುದು. ಗುಳಿಗೆ ಬಿಟ್ಟವರೇ ಮುಂದೆ ಲಕ್ವಾ, ಎದೆ ನೋವಿನಿಂದ ತುರ್ತು ವಿಭಾಗಕ್ಕೆ ಬರುವ ಅಪಾಯ ಹೆಚ್ಚು.
- ಉಳಿತಾಯದಲ್ಲಿ ಒಂದು ಭಾಗವನ್ನು ತುರ್ತು ನಿಧಿಯಾಗಿ ಇಡುವುದು. ರಾತ್ರಿ ಹೊತ್ತು ಯಾರು ಹಣ ಕೊಡಬೇಕೆಂದು ಮೊದಲೇ ಠರಾವು ಬರೆಯುವುದು.
- ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿ, ಗುಳಿಗೆಗಳನ್ನು ಒಂದೇ ಚೀಲದಲ್ಲಿ ಇಡುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಚೀಟಿ ಬೇಕಿಲ್ಲ.
- ತಾಲೂಕು ಆಸ್ಪತ್ರೆಗೆ ಗುಂಪಾಗಿ ಹೋಗಿ ಕೇಳುವುದು: ರಾತ್ರಿ ಡಾಕ್ಟರು ಇರ್ತಾರಾ? ಹಾವಿನ ಇಂಜೆಕ್ಷನ್ ದಾಸ್ತಾನು ಇದೆಯಾ? ಹೃದಯ ಜ್ಯೋತಿ ಇಲ್ಲಿ ಇದೆಯಾ? ಇಲ್ಲದಿದ್ದರೆ ಆರೋಗ್ಯ ರಕ್ಷಾ ಸಮಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು.

ನಾಲ್ಕನೆಯದೇ ಮುಖ್ಯ. ತಾಲೂಕಿನಲ್ಲಿ ರಾತ್ರಿ ಬಾಗಿಲು ಗಟ್ಟಿಯಾಗಿ ತೆರೆದಿದ್ದರೆ ಗದಗಿನ ಬಾಗಿಲಲ್ಲಿ ನೂಕುನುಗ್ಗಲು ತಾನಾಗಿ ಕಡಿಮೆ ಆಗ್ತದೆ.

ಸಭೆಯಲ್ಲಿ ಚರ್ಚಿಸಿ

1. ಕಳೆದ ವರ್ಷ ನಮ್ಮ ಓಣಿಯಿಂದ ಗದಗ, ಹುಬ್ಬಳ್ಳಿಗೆ ಹೋದವರಲ್ಲಿ ಎಷ್ಟು ಜನರಿಗೆ ತಾಲೂಕಿನಲ್ಲೇ ಚಿಕಿತ್ಸೆ ಸಿಗಬಹುದಿತ್ತು? ಯಾಕೆ ಸಿಗಲಿಲ್ಲ?
2. ಅರ್ಧರಾತ್ರಿ ತುರ್ತು ಬಂದರೆ 108ಕ್ಕೆ ಫೋನ್ ಮಾಡುವವರು ಯಾರು, ಮನೆಯ ಮಕ್ಕಳನ್ನು ನೋಡಿಕೊಳ್ಳುವವರು ಯಾರು?
3. ಅರ್ಜಿ ಕೊಡಲು ಯಾವ ಮೂವರು ಹೋಗ್ತೀರಿ? ಹೆಸರು, ದಿನಾಂಕ ಇಂದೇ ಠರಾವು ಪುಸ್ತಕದಲ್ಲಿ ಬರೆಯಿರಿ.