ಮೊದಲು ಮೇಷ್ಟ್ರ ಭಾರ ಇಳಿಸು

ಮಗಳೇ, ಐರೋಲಿಯ ಕಂಪನಿ ಬಿಟ್ಟು ಕಾಲೇಜು ಅಧ್ಯಾಪಕರಿಗೆ ಆನ್‌ಲೈನ್ ಪಾಠ ರೂಪಿಸಿಕೊಡುವ ಕೆಲಸಕ್ಕೆ ಸೇರುತ್ತಿದ್ದೀಯಂತೆ. ಸಂತೋಷ. ಎಲ್ಲ ನೆಟ್ಟಗಿರುವಾಗ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆಪತ್ತು ಬಂದಾಗ ಎಲ್ಲರ ಫೋನೂ ನಿನಗೇ. ಆ ದಿನಕ್ಕೆಂದು ನಾಲ್ಕು ಮಾತು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಮುಂಬೈಯ ಲೋಕಲ್ ರೈಲು ನಿಂತಾಗ ಡೊಂಬಿವಲಿ, ಕಲ್ಯಾಣದ ಅಧ್ಯಾಪಕರು ಮನೆಯ ಮೂಲೆಯಲ್ಲೇ ಕೂತು ಪಾಠ ಮಾಡಬೇಕಾಯಿತು. ವರ್ಷಗಟ್ಟಲೆ ಬೋರ್ಡಿನ ಮುಂದೆ ಗಟ್ಟಿ ದನಿಯಲ್ಲಿ ಮಾತಾಡಿದವರೂ ಎದುರಿಗೆ ಒಂದು ಮುಖ ಕಾಣದೆ ತಡವರಿಸಿದರು. ಅಂಥವರಿಗೆ ಹತ್ತು ಆ್ಯಪ್‌ಗಳ ಪಟ್ಟಿ ಕಳಿಸಬೇಡ. "ಸರ್, ಈ ವಾರ ಮಕ್ಕಳಿಗೆ ಬಿಟ್ಟುಹೋಗಲೇಬಾರದ ವಿಷಯ ಯಾವುದು?" ಎಂದು ಕೇಳು. ಪೋರ್ಷನ್ ಮುಗಿಯದೆಂಬ ಭಯ ಅರ್ಧ ಇಳಿಯುತ್ತದೆ. ಅವರಿಗೆ ವಾಟ್ಸಾಪ್ ಮಾತ್ರ ಗೊತ್ತಿದ್ದರೆ ಅಲ್ಲಿಂದಲೇ ಶುರು ಮಾಡು.

ವಿದ್ಯಾರ್ಥಿಯ ಮನೆಯನ್ನೂ ನೆನೆ. ಚಾಳಿನ ಒಂದೇ ಕೋಣೆ, ಮೂವರು ಮಕ್ಕಳಿಗೆ ಒಂದೇ ಫೋನ್ ಇದ್ದೀತು. ಒಂದು ಗಂಟೆಯ ಲೈವ್ ಪಾಠಕ್ಕಿಂತ ಹತ್ತು ನಿಮಿಷದ ಧ್ವನಿಮುದ್ರಿಕೆ, ಒಂದು ಪುಟದ ಟಿಪ್ಪಣಿ ಅವರಿಗೆ ದಕ್ಕುತ್ತದೆ. ವಿಡಿಯೊ ಮಾಡಲೇಬೇಕಾದರೆ ಪೊವಾಯಿಯ ಐಐಟಿಯವರು ರೂಪಿಸಿದ ಕ್ರಮ ನೋಡು: ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಹುಡುಗರು ಯೋಚಿಸಿ ಉತ್ತರ ಬರೆದ ಮೇಲೆ ಮುಂದುವರಿಯಬೇಕು.

ಹೆಚ್ಚು ಕಷ್ಟ ಬರುವುದು ಪರೀಕ್ಷೆಯಲ್ಲಿ. ಆ ವರ್ಷ ಮುಂಬೈ ವಿಶ್ವವಿದ್ಯಾಲಯದ ಅಂತಿಮ ವರ್ಷದ ಪರೀಕ್ಷೆ ಬಹುಆಯ್ಕೆ ಪ್ರಶ್ನೆಗಳಿಗೆ ತಿರುಗಿತು. ದೀರ್ಘ ಉತ್ತರದ ಪ್ರಶ್ನೆ ಬರೆದೇ ಪಳಗಿದ ಕೈಗೆ ಅದು ಸುಲಭವಲ್ಲ. ಪಕ್ಕದಲ್ಲಿ ಕೂತು ಒಂದು ಪ್ರಶ್ನೆಯನ್ನು ಜೊತೆಯಾಗಿ ಮಾಡಿ ತೋರಿಸು. ಆಯ್ಕೆಗಳಲ್ಲಿ ಕೊಡುವ ತಪ್ಪು ಉತ್ತರಗಳನ್ನು ಸುಮ್ಮನೆ ಹೊಸೆಯಬಾರದು. ಮಕ್ಕಳು ನಿಜವಾಗಿ ಎಡವುವ ಜಾಗದಿಂದಲೇ ಅವು ಬರಬೇಕು. ಸವಕಳಿ ಲೆಕ್ಕದಲ್ಲಿ ಹುಡುಗರು ಯಾವ ಹೆಜ್ಜೆ ತಪ್ಪುತ್ತಾರೆಂದು ಅಕೌಂಟ್ಸ್ ಕಲಿಸುವ ಮೇಡಂಗೆ ಗೊತ್ತು, ನಿನಗೆ ಗೊತ್ತಿಲ್ಲ. ಆ ಅನುಭವವನ್ನು ಕೇಳಿ ಹೊರತೆಗೆಯುವುದೇ ನಿನ್ನ ವಿದ್ಯೆ.

ಯಂತ್ರವನ್ನು ಪೂರ್ತಿ ನಂಬಬೇಡ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬೈ, ಠಾಣೆ, ನವಿ ಮುಂಬೈಯಲ್ಲಿ ಕರೆಂಟ್ ಹೋಗಿ, ಅಂದಿನ ಆನ್‌ಲೈನ್ ಪರೀಕ್ಷೆಗಳನ್ನೇ ಮುಂದೂಡಬೇಕಾಯಿತು. ಸಂಪರ್ಕ ಕಡಿದವರಿಗೆ ಇನ್ನೊಂದು ಅವಕಾಶ ಹೇಗೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಬರೆದಿಡಿಸು.

ಇನ್ನೊಂದು ಮಾತು. ಹಿರಿಯ ಅಧ್ಯಾಪಕರ ತೊಡಕನ್ನು ಇತರರ ಎದುರು ತಿದ್ದಬೇಡ. ಆಮೇಲೆ ಒಬ್ಬರೇ ಇದ್ದಾಗ ಫೋನ್ ಮಾಡಿ ಹೇಳು. ಪಾಠ ಚೆನ್ನಾಗಿ ಬಂದರೆ ಹೆಸರು ಅವರದೇ ಆಗಲಿ.

ಕೋವಿಡ್ ಮುಗಿಯಿತೆಂದು ಕೈಕಟ್ಟಿ ಕೂರಬೇಡ. ನಮ್ಮಲ್ಲಿ ಜೋರು ಮಳೆ ಬಂದರೂ ಸಾಕು, ಹಳಿ ಮುಳುಗಿ ತರಗತಿ ಖಾಲಿ. ಜೂನ್‌ಗೆ ಮೊದಲೇ ಪ್ರತಿಯೊಬ್ಬ ಅಧ್ಯಾಪಕರ ಕೈಯಲ್ಲೂ ಒಂದು ವಾರದ ಪಾಠ ತಯಾರಿರುವಂತೆ ನೋಡಿಕೋ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅದಕ್ಕೆ ಕೈಹಾಕು.