‘ನೈಸ್’ ಬಿಟ್ಟರೆ ಬೇರೆ ಪದವೇ ಬರುವುದಿಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಊಟ, ಸಿನಿಮಾ, ಸಹೋದ್ಯೋಗಿಯ ಕೆಲಸ, ಏನನ್ನು ಹೊಗಳಬೇಕಾದರೂ ನನ್ನ ಬಾಯಲ್ಲಿ ಬರುವುದು ‘ನೈಸ್’ ಒಂದೇ. ಗೆಳತಿಯೊಬ್ಬಳು ಆ ಪದಕ್ಕೆ ಬದಲಾಗಿ ಬಳಸುವ ಪದಗಳ ಉದ್ದನೆಯ ಪಿಡಿಎಫ್ ಕಳಿಸಿದಳು. ಬಾಯಿಪಾಠ ಮಾಡಿದೆ. ಒಬ್ಬರ ವರದಿಯನ್ನು ಮೆಚ್ಚಿ ಮೇಲ್ ಬರೆಯುವಾಗ ‘ಗಾರ್ಜಿಯಸ್ ರಿಪೋರ್ಟ್’ ಎಂದುಬಿಟ್ಟೆ. ಅದನ್ನು ಇಡೀ ತಂಡದ ಮುಂದೆ ಓದಿ ನಕ್ಕರು. ಅವತ್ತಿನಿಂದ ಮೀಟಿಂಗ್‌ನಲ್ಲಿ ಬಾಯಿ ಬಿಡಲು ಭಯ. ನನಗೆ ಇಂಗ್ಲಿಷ್ ಬರುವುದೇ ಇಲ್ಲವೇ?
– ಹೆಸರು ಬೇಡ

ಉತ್ತರ: ನಿಮಗೆ ಇಂಗ್ಲಿಷ್ ಬರುತ್ತದೆ. ಬರದಿದ್ದರೆ ಆ ಕೆಲಸದಲ್ಲಿ ಇರುತ್ತಿರಲಿಲ್ಲ. ನಿಮ್ಮನ್ನು ಕೆಡಿಸಿದ್ದು ಆ ಪಿಡಿಎಫ್.

ಮೊದಲು ಈ ‘ನೈಸ್’ ಎಂಬ ಪದದ ಜಾತಕ ನೋಡೋಣ. ‘ಏನೂ ತಿಳಿಯದವನು’ ಎಂಬ ಅರ್ಥದ ‘ನೆಸ್ಸಿಯಸ್’ ಎಂಬ ಲ್ಯಾಟಿನ್ ಪದದಿಂದ ಅದು ಹುಟ್ಟಿತು. ಫ್ರೆಂಚ್ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಯಾರನ್ನಾದರೂ ‘ನೈಸ್’ ಎಂದರೆ ದಡ್ಡ ಎಂದು ಬೈದ ಹಾಗೆ. ಮುಂದೆ ಅದೇ ಪದಕ್ಕೆ ನಾಚಿಕೆಯ, ಅತಿ ಮಡಿವಂತಿಕೆಯ, ಎಲ್ಲದರಲ್ಲೂ ಕೊಂಕು ಹುಡುಕುವ ಎಂಬ ಅರ್ಥಗಳು ಅಂಟಿದವು. ಆಮೇಲೆ ಸೂಕ್ಷ್ಮ, ನಿಖರ ಎಂದಾಯಿತು. ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಇವತ್ತಿಗೂ ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸವೇ ಹೊರತು ಚೆಂದದ ವ್ಯತ್ಯಾಸವಲ್ಲ. ಈಗ ನಾವು ಬಳಸುವ ‘ಹಿತವಾದ, ಒಳ್ಳೆಯ’ ಎಂಬ ಅರ್ಥ ಗಟ್ಟಿಯಾಗಿ ನೆಲೆಗೊಂಡದ್ದು ಹದಿನೆಂಟನೇ ಶತಮಾನದಲ್ಲಿ.

ಈ ಪದಕ್ಕಾಗಿ ನಗೆಗೀಡಾದವರಲ್ಲಿ ನೀವು ಮೊದಲಿಗರೂ ಅಲ್ಲ. ಜೇನ್ ಆಸ್ಟೆನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ತನಗಿಷ್ಟವಾದ ಪುಸ್ತಕವನ್ನು ‘ನೈಸ್’ ಎನ್ನುತ್ತಾಳೆ. ಚೆನ್ನಾಗಿ ಓದಿಕೊಂಡ ಹೆನ್ರಿ ಟಿಲ್ನಿ ಅವಳನ್ನು ಬಿಡುವುದಿಲ್ಲ. ಪುಸ್ತಕ ನೈಸ್, ದಿನ ನೈಸ್, ನಡೆದಾಟ ನೈಸ್, ಎಲ್ಲಕ್ಕೂ ಇದೊಂದೇ ಪದವೇ ಎಂದು ಕಾಡುತ್ತಾನೆ. ಆಗ ಅವನ ತಂಗಿ ಎಲಿನರ್ ಕ್ಯಾಥರೀನಳ ಪರ ನಿಲ್ಲುತ್ತಾಳೆ. ಅದೇ ‘ನೈಸ್’ ಪದವನ್ನು ಕೊಂಕು ಹುಡುಕುವವನು ಎಂಬ ಹಳೆಯ ಅರ್ಥದಲ್ಲಿ ಅಣ್ಣನಿಗೇ ತಿರುಗಿಸಿ ಹೊಡೆಯುತ್ತಾಳೆ. ನನಗೆ ಆ ತಂಗಿಯನ್ನು ಕಂಡರೆ ಬಹಳ ಗೌರವ.

ಇನ್ನು ‘ಗಾರ್ಜಿಯಸ್’ ವಿಷಯ. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಪದಗಳೆಲ್ಲ ಒಂದೇ ಎಂದು ನೀವು ನಂಬಿದಿರಿ. ನಮ್ಮಲ್ಲೇ ನೋಡಿ: ಮೊಸರು ಗಟ್ಟಿ, ಕಾಡು ದಟ್ಟ, ಪುಸ್ತಕ ದಪ್ಪ. ಇಂಗ್ಲಿಷಿನವರಿಗೆ ಈ ಮೂರೂ ‘ಥಿಕ್’. ಅವರಲ್ಲೊಬ್ಬರು ಕನ್ನಡ ಕಲಿತು ‘ದಟ್ಟ ಮೊಸರು ಬಡಿಸಿ’ ಎಂದರೆ ಏನಾಗುತ್ತದೆ? ಅರ್ಥವಾಗುತ್ತದೆ, ಸಣ್ಣದೊಂದು ನಗು ಬರುತ್ತದೆ, ಮೊಸರನ್ನೂ ಬಡಿಸುತ್ತೇವೆ. ನಿಮ್ಮದೂ ಅಷ್ಟೇ ದೊಡ್ಡ ತಪ್ಪು. ಗಾರ್ಜಿಯಸ್ ಎನ್ನುವುದು ಸೀರೆಗೆ, ಸೂರ್ಯಾಸ್ತಕ್ಕೆ, ಕಣ್ಣು ತುಂಬುವ ಚೆಲುವಿಗೆ ಒಪ್ಪುವ ಮಾತು. ವರದಿಗೆ ಒಪ್ಪದು.

ನಾವು ‘ನೈಸ್’ ಅನ್ನೇ ಕನ್ನಡಕ್ಕೆ ತಂದು ಎಷ್ಟು ಬಗೆಯಲ್ಲಿ ಬಳಸುತ್ತೇವೆ ಗಮನಿಸಿದ್ದೀರಾ? ಚಟ್ನಿಯನ್ನು ನೈಸಾಗಿ ರುಬ್ಬುತ್ತೇವೆ. ಕೆಲಸವಾಗಬೇಕಾದವನು ಸಾಹೇಬರಿಗೆ ನೈಸ್ ಮಾಡುತ್ತಾನೆ. ಸಾಲ ಕೊಡಬೇಕಾದವನು ನೈಸಾಗಿ ಜಾರಿಕೊಳ್ಳುತ್ತಾನೆ. ಇವುಗಳಲ್ಲಿ ಒಂದನ್ನೂ ನೀವು ಪಟ್ಟಿ ನೋಡಿ ಕಲಿಯಲಿಲ್ಲ, ಒಂದರಲ್ಲೂ ತಪ್ಪುವುದಿಲ್ಲ. ಯಾವ ಮಾತಿನ ಜೊತೆ ಯಾವುದು ಬರುತ್ತದೆ ಎಂದು ಕೇಳಿ ಕೇಳಿ ಕಲಿತಿರಿ. ಇಂಗ್ಲಿಷನ್ನೂ ಹಾಗೆಯೇ ಕಲಿಯಬೇಕು.

ಹಾಗಾಗಿ ಇಷ್ಟು ಮಾಡಿ. ಬರೆಯುವ ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ: ಆ ವರದಿಯಲ್ಲಿ ನನಗೆ ಹಿಡಿಸಿದ್ದೇನು? ಗೊಂದಲವಿಲ್ಲದೆ ಅರ್ಥವಾಯಿತು ಎಂದಾದರೆ ‘ಕ್ಲಿಯರ್’. ಯಾವುದನ್ನೂ ಬಿಡದೆ ನೋಡಿದ್ದಾರೆ ಎಂದಾದರೆ ‘ಥರೋ’. ನನ್ನ ಕೆಲಸಕ್ಕೆ ನೆರವಾಯಿತು ಎಂದಾದರೆ ‘ಯೂಸ್‌ಫುಲ್’. ಮನುಷ್ಯರ ವಿಷಯದಲ್ಲೂ ಹೀಗೆಯೇ. ಕಷ್ಟಕ್ಕಾದವರು ‘ಕೈಂಡ್’, ನಗುನಗುತ್ತಾ ಬೆರೆಯುವವರು ‘ಫ್ರೆಂಡ್ಲಿ’, ಮರ್ಯಾದೆಯಿಂದ ಮಾತಾಡುವವರು ‘ಪೊಲೈಟ್’. ಮೂವರೂ ಒಬ್ಬರೇ ಆಗಿರಬೇಕಿಲ್ಲ. ಎಷ್ಟೋ ಸಲ ವಿಶೇಷಣವೇ ಬೇಕಾಗುವುದಿಲ್ಲ. ಮೂರನೇ ಪುಟದ ಕೋಷ್ಟಕದಿಂದ ನನಗೆ ಅರ್ಧ ದಿನದ ಕೆಲಸ ಉಳಿಯಿತು ಎಂದು ಬರೆದರೆ, ಯಾವ ಹೊಗಳಿಕೆಯ ಪದಕ್ಕಿಂತಲೂ ಅವರಿಗೆ ಅದು ಹೆಚ್ಚು ಸಂತೋಷ ಕೊಡುತ್ತದೆ.

ಸಮಾನಾರ್ಥಕ ಕೋಶಗಳನ್ನು ನಾನು ಹಳಿಯುತ್ತಿಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ‘ಥಿಸಾರಸ್’ ದೊಡ್ಡ ಪುಸ್ತಕ. ಆದರೆ ಗೊತ್ತಿದ್ದೂ ನಾಲಿಗೆ ತುದಿಗೆ ಬಾರದ ಪದವನ್ನು ನೆನಪಿಸಿಕೊಳ್ಳಲು ಅದು ಒದಗುತ್ತದೆ, ಹೊಸದಾಗಿ ಕಲಿಯಲು ಅಲ್ಲ. ಕಲಿಯುವವರಿಗೆಂದೇ ಬೇರೆ ನಿಘಂಟುಗಳಿವೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಂಗಡಿಗರೊಂದಿಗೆ ರಚಿಸಿದ ನಿಘಂಟು ಮೊದಲು 1942ರಲ್ಲಿ ಅಲ್ಲೇ ಪ್ರಕಟವಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಇಂಗ್ಲಿಷ್ ತಾಯ್ನುಡಿಯಲ್ಲದವರಿಗಾಗಿಯೇ ಹುಟ್ಟಿದ ಪುಸ್ತಕ ಅದು. ಅದರ ಇಂದಿನ ರೂಪ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಥವನ್ನಷ್ಟೇ ನೋಡಿ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯಗಳನ್ನು ಬಾಯಿಬಿಟ್ಟು ಓದಿ. ಒಂದು ಪದ ಸಾಕು ದಿನಕ್ಕೆ.

ಮಾತಿನಲ್ಲಿ ‘ನೈಸ್’ ಬಂದರೆ ಬರಲಿ, ತಡೆಯಬೇಡಿ. ಇಂಗ್ಲಿಷಿನವರೂ ದಿನವಿಡೀ ಅದನ್ನೇ ಹೇಳುತ್ತಾರೆ. ಮುಂದಿನ ಮೀಟಿಂಗ್‌ನಲ್ಲಿ ಒಂದೇ ಒಂದು ಪ್ರಶ್ನೆಯನ್ನಾದರೂ ಕೇಳಿ. ಸುಮ್ಮನೆ ಕೂತರೆ ನಷ್ಟವಾಗುವುದು ನಿಮ್ಮ ಕೆಲಸಕ್ಕೆ, ನಕ್ಕವರಿಗಲ್ಲ.

ಈ ಪತ್ರ ಓದುತ್ತಿರುವ ಉಳಿದವರಲ್ಲೂ ಒಂದು ವಿನಂತಿ. ನಿಮ್ಮ ಕಚೇರಿಗೆ ಕನ್ನಡ ಶಾಲೆಯಿಂದ ಬಂದವರು ಒಂದು ಪದ ತಪ್ಪಿದರೆ ಪಕ್ಕಕ್ಕೆ ಕರೆದು ಸರಿಯಾದದ್ದನ್ನು ಹೇಳಿಕೊಡಿ. ದಯವಿಟ್ಟು ಎಲ್ಲರ ಮುಂದೆ ಓದಬೇಡಿ.