ನಗಾರಖಾನೆಯ ಕಲ್ಲು, ನಮ್ಮ ಓಣಿಯ ಕಲ್ಲು



ಗೋಳಗುಮ್ಮಟ ನೋಡದವರು ನಮ್ಮ ವರ್ಗದಾಗ ಒಬ್ಬರೂ ಇಲ್ಲ. ಆದರೆ ಅದರ ಮುಂದಿನ ಕಟ್ಟಡದ ಒಳಗೆ ಹೋಗಿ ಬಂದವರು ಎಷ್ಟು ಮಂದಿ? ಹೀಗೆ ಕೇಳಿದಾಗ ಕೈ ಎತ್ತಿದವರು ನಾಲ್ಕೇ ಜನ. ನಾನೂ ಮೊದಲು ಮೂರು ಸಲ ಹೋಗಿ, ಮೆಟ್ಟಿಲು ಹತ್ತಿ, ಹೆಸರು ಕೂಗಿ, ಶೇಂಗಾ ತಿಂದು ಮನೆಗೆ ಬಂದವನೇ. ಈ ವರ್ಷದ ಪ್ರವಾಸದಾಗ ನಮ್ಮ ಗುರುಗಳು, “ಮೊದಲ ಮ್ಯೂಜಿಯಂ, ಆಮ್ಯಾಲ ಗುಮ್ಮಟ” ಅಂದರು. ನಮಗೆಲ್ಲ ಬೇಸರ ಆಯಿತು. ಆದರೆ ಅಲ್ಲಿ ಕಂಡ ಒಂದು ಕಲ್ಲು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಈ ಲೇಖನ.

ವಸ್ತುಸಂಗ್ರಹಾಲಯದ ಪರಿಚಯ

ಗೋಳಗುಮ್ಮಟವು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ. ಅದರ ಮುಂದೆ ನಗಾರಿ ಬಾರಿಸಲೆಂದು ಕಟ್ಟಿಸಿದ ಕಟ್ಟಡವೇ ನಗಾರಖಾನೆ. ವಸ್ತುಸಂಗ್ರಹಾಲಯ ಇರುವುದು ಅದರಲ್ಲಿಯೇ. ಈ ಸಂಗ್ರಹ ಆರಂಭವಾದದ್ದು 1892ರಲ್ಲಿ. ಹಳೆಯ ಕಟ್ಟಡಗಳ ಅಭ್ಯಾಸ ಮಾಡುತ್ತಿದ್ದ ಹೆನ್ರಿ ಕಸಿನ್ಸ್ ಎಂಬ ಅಧಿಕಾರಿ ಇದಕ್ಕೆ ಕಾರಣರು. ಅವರು ಬಿಜಾಪುರದ ಕಟ್ಟಡಗಳ ಬಗ್ಗೆ ಬರೆದ ದೊಡ್ಡ ಪುಸ್ತಕ 1916ರಲ್ಲಿ ಅಚ್ಚಾಯಿತು. ಈಗ ಸಂಗ್ರಹಾಲಯವನ್ನು ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ.

ಕೆಳಗಿನ ಕೋಣೆಗಳಲ್ಲಿ ದೇವರ ಮೂರ್ತಿಗಳು, ಜೈನ ತೀರ್ಥಂಕರರ ಮೂರ್ತಿಗಳು ಮತ್ತು ಶಾಸನಗಳಿವೆ. ಶಾಸನಗಳಲ್ಲಿ ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ನಾಲ್ಕೂ ಭಾಷೆ ಇವೆ. ನಾಲ್ಕು ಭಾಷೆಯ ಕಲ್ಲುಗಳು ಒಂದೇ ಸೂರಿನ ಕೆಳಗೆ ಜಗಳ ಇಲ್ಲದೆ ನಿಂತಿವೆ! ಮೇಲಿನ ಮಹಡಿಯಲ್ಲಿ ಕತ್ತಿ ಕಠಾರಿ, ಚಿಕ್ಕ ಚಿತ್ರಗಳು, ಕೈಬರಹದ ಗ್ರಂಥಗಳು, ಬಿದರಿ ಸಾಮಾನು, ಚೀನಾದ ಪಿಂಗಾಣಿ, ಹಳೆಯ ಜಮಖಾನೆಗಳು. ಆರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗಿನ ವಸ್ತುಗಳು ಇಲ್ಲಿವೆ.

ಆ ಕಲ್ಲು

ಮೂರ್ತಿಗಳ ನಡುವೆ ಒಂದು ವೀರಗಲ್ಲು ಇತ್ತು. ವೀರಗಲ್ಲು ಅಂದರೆ ಊರಿಗಾಗಿ ಇಲ್ಲವೇ ದನಗಳಿಗಾಗಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಗುರುಗಳು ಕಲಿಸಿದರು.

1. ಕೆಳಗಿನ ಅಂಕಣದಲ್ಲಿ ಕಾಳಗ. ವೀರನ ಕೈಯಲ್ಲಿ ಕತ್ತಿ ಅಥವಾ ಬಿಲ್ಲು. ಕೆಲವು ಕಲ್ಲುಗಳಲ್ಲಿ ದನಗಳೂ ಇರುತ್ತವೆ.
2. ನಡುವಿನ ಅಂಕಣದಲ್ಲಿ ದೇವಕನ್ಯೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ.
3. ಮೇಲಿನ ಅಂಕಣದಲ್ಲಿ ವೀರ ಶಿವಲಿಂಗದ ಮುಂದೆ ಕುಳಿತಿರುತ್ತಾನೆ.
4. ತುದಿಯಲ್ಲಿ ಸೂರ್ಯ, ಚಂದ್ರ. ಸೂರ್ಯ ಚಂದ್ರರು ಇರುವತನಕ ಈ ಹೆಸರು ಇರಲಿ ಎಂದು ಅದರ ಅರ್ಥ.

ಗುರುಗಳು ಸೂರ್ಯ ಚಂದ್ರ ತೋರಿಸಿದ ಕೂಡಲೇ ನನಗೆ ಎದೆ ಧಸಕ್ಕೆಂದಿತು. ಇಂಥದೇ ಒಂದು ಕಲ್ಲು ನಮ್ಮ ಓಣಿಯಾಗ ಬೇವಿನ ಮರದ ಬುಡಕ್ಕ ಬಿದ್ದೈತಿ. ಅದರ ಮ್ಯಾಲ ಅರಿವಿ ಒಗೀತಾರ. ಅದರ ಅಂಚಿಗೆ ಎರಡು ವರ್ಷದಿಂದ ನಾನು ಕುಡಗೋಲು ಮಸೆಯುತ್ತಿದ್ದೆ. ಅಂಚಿನ ಮೇಲೆ ಇರುವೆಯ ಸಾಲಿನ ಹಾಂಗ ಏನೋ ಗೆರೆ ಇದ್ದವು. ಅವು ಅಕ್ಷರ ಇರಬಹುದು ಎಂದು ನನ್ನ ತಲೆಗೆ ಬಂದೇ ಇರಲಿಲ್ಲ.

ಮನೆಗೆ ಬಂದವನೇ ಓಡಿ ನೋಡಿದೆ. ಸೂರ್ಯ, ಚಂದ್ರ ಹೌದು. ಕಾಳಗ ಹೌದು. ಅಂಚಿನ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ನುಣ್ಣಗಾಗಿತ್ತು. ಮುತ್ಯಾನಿಗೆ ಹೇಳಿದೆ. ಮುತ್ಯಾ ಬಹಳ ಹೊತ್ತು ಸುಮ್ಮನೆ ಕುಳಿತು, “ನಮ್ಮ ಅಪ್ಪ ಆ ಕಲ್ಲಿಗೆ ಕಾಯಿ ಒಡೀತಿದ್ದ. ಯಾಕಂತ ನಾ ಕೇಳಲಿಲ್ಲ, ಅವ ಹೇಳಲಿಲ್ಲ” ಅಂದ. ಯಾರೋ ಒಬ್ಬ ಈ ಊರಿಗಾಗಿ ಸತ್ತಿದ್ದ. ಅವನ ಹೆಸರು ಅಲ್ಲಿ ಇದ್ದಿರಬಹುದು. ಅದನ್ನು ಅಳಿಸಿದವರಲ್ಲಿ ನಾನೂ ಒಬ್ಬ.

ಉಳಿಸಿದವರ ಎರಡು ಮಾತು

ಹಳೆಯ ವಸ್ತು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಉಳಿಸಬೇಕು. ನಮ್ಮ ಜಿಲ್ಲೆಯ ಎರಡು ಉದಾಹರಣೆ ನೋಡಿರಿ.

ಮಲಿಕ್-ಎ-ಮೈದಾನ್ ತೋಪು ಎಲ್ಲರಿಗೂ ಗೊತ್ತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. 1854ರಲ್ಲಿ ಅದನ್ನು ಬೇಡವಾದ ಸಾಮಾನೆಂದು ಹರಾಜಿಗೆ ಇಟ್ಟರು. ಬಂದ ಸವಾಲು ಬರೀ 150 ರೂಪಾಯಿ! ಆಗ ಇಲ್ಲಿಯ ಮಾಮಲೇದಾರರು, ಬೆಲೆ ಬಹಳ ಕಡಿಮೆ, ಮೇಲಾಗಿ ಸುತ್ತಲಿನ ಜನ ಈ ತೋಪನ್ನು ಪೂಜ್ಯವೆಂದು ತಿಳಿಯುತ್ತಾರೆ ಎಂದು ಮೇಲಿನವರಿಗೆ ತಿಳಿಸಿದರು. ಹರಾಜು ರದ್ದಾಯಿತು. ಒಬ್ಬರು ಬಾಯಿ ಬಿಟ್ಟು ಹೇಳಿದ್ದರಿಂದ ತೋಪು ಇವತ್ತು ಬುರುಜಿನ ಮೇಲೆ ಇದೆ.

ಇನ್ನೊಬ್ಬರು ಡಾ. ಫ.ಗು. ಹಳಕಟ್ಟಿಯವರು (1880–1964). ವಚನಗಳು ಆಗ ಮನೆಮನೆಯ ಜಂತಿಗಳಲ್ಲಿ, ಮಠಗಳ ಗಂಟುಗಳಲ್ಲಿ ತಾಡೋಲೆಯಾಗಿ ಹುಳ ಹಿಡಿಯುತ್ತಿದ್ದವು. ಅವರು ಊರೂರು ತಿರುಗಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಮುಂದೆ 1925ರಲ್ಲಿ ಸ್ವಂತ ಮನೆ ಮಾರಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ನಾವು ಪ್ರಾರ್ಥನೆಯ ವೇಳೆ ಹೇಳುವ ವಚನಗಳ ಹಿಂದೆ ಒಂದು ಮಾರಿದ ಮನೆ ಇದೆ ಎಂಬುದನ್ನು ಮರೆಯಬಾರದು.

ದೂರದ ದೇಶದ ಒಂದು ಸಂಗತಿ

ಅಮೆರಿಕಾದ ಮೂಲ ನಿವಾಸಿಗಳಲ್ಲಿ ಚೆರೋಕಿ ಎಂಬ ಜನರಿದ್ದಾರೆ. ಅವರ ಭಾಷೆಗೆ ಲಿಪಿ ಇರಲಿಲ್ಲ. ಇಂಗ್ಲಿಷ್ ಓದಲು ಬಾರದ ಸಿಕ್ವೋಯ ಎಂಬಾತ ಒಬ್ಬನೇ ಕುಳಿತು ಲಿಪಿ ಮಾಡಿ 1821ರಲ್ಲಿ ಜನರ ಮುಂದೆ ಇಟ್ಟ. ಈಗ ಅದರಲ್ಲಿ 85 ಅಕ್ಷರಗಳಿವೆ. 1828ರಲ್ಲಿ ಅದೇ ಲಿಪಿಯಲ್ಲಿ ಪತ್ರಿಕೆಯೂ ಬಂತು. ಆದರೆ 1838–39ರಲ್ಲಿ ಸರಕಾರವು ಅವರನ್ನು ಸ್ವಂತ ನೆಲದಿಂದ ಹೊರಹಾಕಿತು. ಹಾದಿಯಲ್ಲಿ ಸುಮಾರು 4,000 ಜನ ಸತ್ತರೆಂದು ಹೇಳುತ್ತಾರೆ. 1979ರಲ್ಲಿ ಟೆಲಿಕೋ ಎಂಬ ಅಣೆಕಟ್ಟಿನ ನೀರಿನಲ್ಲಿ ಅವರ ಹಳೆಯ ಊರುಗಳ ಜಾಗವೂ ಮುಳುಗಿತು. ಆಗ ಆ ಜನ ಏನು ಮಾಡಿದರು? ಅದೇ ನೀರಿನ ದಂಡೆಯ ಮೇಲೆ ಸಿಕ್ವೋಯನ ಹೆಸರಿನಲ್ಲಿ ಒಂದು ಸಣ್ಣ ವಸ್ತುಸಂಗ್ರಹಾಲಯ ಕಟ್ಟಿ 1986ರಲ್ಲಿ ತೆರೆದರು. ಅದು ಅವರದೇ ಒಡೆತನದಲ್ಲಿದೆ.

ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳಕೊಂಡ ಬೀಗರು ನಮ್ಮಲ್ಲಿ ಬಹಳ ಮಂದಿಗೆ ಇದ್ದಾರೆ. ಅವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಊರು ಹೋದರೂ ಊರಿನ ನೆನಪನ್ನು ಇಡಲು ಒಂದು ಜಾಗ ಬೇಕು.

ನಾವು ಮಾಡಬಹುದಾದದ್ದು

1. ವಿಜಯಪುರಕ್ಕೆ ಹೋದಾಗ ಮ್ಯೂಜಿಯಮ್ಮಿಗೆ ಒಂದು ತಾಸು ಕೊಡಿರಿ. ಶುಕ್ರವಾರ ರಜೆ ಇರುತ್ತದೆ. 15 ವರ್ಷದೊಳಗಿನವರಿಗೆ ಟಿಕೀಟು ಇಲ್ಲ. ನೋಡುವವರು ಬಂದರೇನೇ ಮ್ಯೂಜಿಯಂ ಬದುಕುತ್ತದೆ.
2. ಮುಟ್ಟಬಾರದು. ಗೋಡೆಯ ಮೇಲೆ ಹೆಸರು ಕೆತ್ತಬಾರದು. ಗುಮ್ಮಟದ ಗೋಡೆಗೆ ಹೆಸರು ಬರೆದವರಿಗೆ ಗುಮ್ಮಟದಷ್ಟು ಕೀರ್ತಿ ಬರುವುದಿಲ್ಲ!
3. ಮನೆಯಲ್ಲಿ ತಾಡೋಲೆ, ಹಳೆಯ ಕಾಗದ, ನಾಣ್ಯ ಇದ್ದರೆ ಗುಜರಿಯವರಿಗೆ ಹಾಕುವ ಮೊದಲು ಗುರುಗಳಿಗೆ ತೋರಿಸಿರಿ.
4. ಶಾಸನದ ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿರಿ. ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿರಿ. ಮುಂಜಾನೆ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಸವೆದ ಅಕ್ಷರವೂ ನೆರಳಿನಿಂದ ಕಾಣುತ್ತದೆ. ಬಲ್ಲವರು ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಆ ಕೆಲಸ ಅವರಿಗೇ ಬಿಡಿರಿ.
5. ನೆಲ ಅಗಿಯುವಾಗ ಹಳೆಯ ನಾಣ್ಯ, ಮೂರ್ತಿ ಸಿಕ್ಕರೆ ಮುಚ್ಚಿಡಬಾರದು. ತಹಶೀಲ್ದಾರರ ಕಚೇರಿಗೆ ತಿಳಿಸಬೇಕು.
6. ನವೆಂಬರ್ 19ರಿಂದ 25ರವರೆಗೆ ಪರಂಪರೆ ಸಪ್ತಾಹ. ಆ ವಾರ ಪ್ರತಿಯೊಬ್ಬರೂ ತಮ್ಮ ಓಣಿಯ ಒಂದು ಹಳೆಯ ಕಲ್ಲಿನ ಚಿತ್ರ ಬರೆದು, ಅದು ಎಲ್ಲಿದೆ, ಅದರ ಬಗ್ಗೆ ಹಿರಿಯರು ಏನು ಹೇಳುತ್ತಾರೆ ಎಂದು ಕೇಳಿ ಈ ಗೋಡೆಗೆ ಹಚ್ಚೋಣ. ಆಗ ನಮ್ಮ ಗೋಡೆ ಪತ್ರಿಕೆಯೇ ಒಂದು ಸಣ್ಣ ಮ್ಯೂಜಿಯಂ ಆಗುತ್ತದೆ.

ಕೊನೆಯ ಮಾತು

ನಮ್ಮ ಓಣಿಗೆ ಗಟಾರ ಕೆಲಸ ಬರುವುದಿದೆ. ಕಲ್ಲನ್ನು ಒಡೆದು ಬುನಾದಿಗೆ ಹಾಕಬಹುದೆಂದು ಒಬ್ಬರು ಅಂದದ್ದನ್ನು ಕೇಳಿದೆ. ಗುರುಗಳ ಸಲಹೆಯಂತೆ ಒಂದು ಅರ್ಜಿ ಬರೆದೆವು. ಮೊದಲ ಸಹಿ ಮುತ್ಯಾನದು. ಮುತ್ಯಾನಿಗೆ ಬರೆಯಲು ಬಾರದು, ಹೆಬ್ಬೆಟ್ಟು ಒತ್ತಿದ. ಅವ್ವ ಈಗ ಆ ಕಲ್ಲಿನ ಮೇಲೆ ಅರಿವಿ ಒಗೆಯುವುದಿಲ್ಲ, ಓಣಿಯವರಿಗೂ ಹೇಳಿದ್ದಾಳೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ನಾನು ಅಳಿಸಿದ ಅಕ್ಷರ ಯಾವ ಮ್ಯೂಜಿಯಮ್ಮಿನಾಗೂ ಸಿಗೂದಿಲ್ಲ. ಉಳಿದ ನಾಲ್ಕಾರು ಅಕ್ಷರವನ್ನಾದರೂ ಉಳಿಸೋಣ. ಅರ್ಜಿಯ ಕೆಳಗೆ ಜಾಗ ಇನ್ನೂ ಇದೆ. ಸಹಿ ಮಾಡುವವರು ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಕಾಣಿರಿ.

ಉತ್ತರ ಹೇಳಿರಿ ನೋಡೋಣ

1. ವೀರಗಲ್ಲಿನ ತುದಿಯಲ್ಲಿ ಸೂರ್ಯ ಚಂದ್ರರನ್ನು ಏಕೆ ಕೆತ್ತುತ್ತಾರೆ?
2. ಮಲಿಕ್-ಎ-ಮೈದಾನ್ ತೋಪಿಗೆ 1854ರಲ್ಲಿ ಬಂದ ಸವಾಲು ಎಷ್ಟು?
3. ನಿಮ್ಮ ಓಣಿಯಲ್ಲಿ ಎಷ್ಟು ಹಳೆಯ ಕಲ್ಲುಗಳಿವೆ? (ಇದರ ಉತ್ತರ ಈ ಲೇಖನದಲ್ಲಿ ಇಲ್ಲ. ಹೋಗಿ ಎಣಿಸಿ ಬರಬೇಕು.)

ಇಂತಿ ನಿಮ್ಮವ,
ಒಂಬತ್ತನೆಯ ವರ್ಗದ ಒಬ್ಬ ವಿದ್ಯಾರ್ಥಿ